ಚರ್ಮದ ಗೋಡೆಗೆ ಗಾರೆ: ಒಂದು ಮುಲಾಮಿನ ಚರಿತ್ರೆ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಸದರ್ಕ್ ಎಂಬ ಭಾಗವಿದೆ. 2003ರಲ್ಲಿ ಅಲ್ಲಿ ರೋಮನ್ನರ ಕಾಲದ ದೇವಾಲಯಗಳ ಆವರಣವನ್ನು ಅಗೆಯುತ್ತಿದ್ದವರಿಗೆ ತವರದ ಪುಟ್ಟ ಡಬ್ಬಿಯೊಂದು ಸಿಕ್ಕಿತು. ಬಿಗಿಯಾದ ಮುಚ್ಚಳ ತೆಗೆದು ನೋಡಿದರೆ ಒಳಗೆ ಬಿಳಿಯ ಮುಲಾಮು. ಅದರಲ್ಲಿ ಯಾರೋ ಬೆರಳಾಡಿಸಿದ ಗುರುತು ಹಾಗೇ ಉಳಿದಿತ್ತು. ಹೆಚ್ಚು ಕಡಿಮೆ 1850 ವರ್ಷ ಹಳೆಯ ಬೆರಳು ಅದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್ಶೆಡ್ ಮತ್ತು ಸಂಗಡಿಗರು ಆ ಮುಲಾಮನ್ನು ಪರೀಕ್ಷಿಸಿ, ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ವಿವರ ಪ್ರಕಟಿಸಿದರು. ಅದರಲ್ಲಿದ್ದದ್ದು ಮೂರೇ ವಸ್ತು: ಪ್ರಾಣಿಯ ಕೊಬ್ಬು, ಪಿಷ್ಟ ಮತ್ತು ತವರದ ಆಕ್ಸೈಡ್. ಅದೇ ಪಾಕದಲ್ಲಿ ಹೊಸದಾಗಿ ಮುಲಾಮು ತಯಾರಿಸಿ ಕೈಗೆ ಹಚ್ಚಿಕೊಂಡೂ ನೋಡಿದರು. ಕೊಬ್ಬು ಮೊದಲು ಜಿಡ್ಡಾಗಿ ಹರಡಿತು, ಪಿಷ್ಟ ಅದನ್ನು ನುಣುಪಾಗಿಸಿತು, ತವರದ ಆಕ್ಸೈಡ್ ಚರ್ಮದ ಮೇಲೆ ಬಿಳಿಯ ಲೇಪವಾಗಿ ಉಳಿಯಿತು.

ಆ ಡಬ್ಬಿಯಲ್ಲಿದ್ದದ್ದು ಎರಡು ಆಸೆ. ಕೊಬ್ಬು ಚರ್ಮವನ್ನು ಕಾಪಾಡಲಿಕ್ಕೆ, ತವರ ಚರ್ಮವನ್ನು ಬೆಳ್ಳಗೆ ತೋರಿಸಲಿಕ್ಕೆ. ಕಾಪು ಮತ್ತು ಬಿಳುಪು. ಈ ಎರಡನ್ನೂ ಒಂದೇ ಡಬ್ಬಿಗೆ ತುಂಬುವ ಅಭ್ಯಾಸ ಅಂದಿನಿಂದ ಇಂದಿನವರೆಗೂ ಬಿಟ್ಟುಹೋಗಿಲ್ಲ. ಇಂದು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮುಖಕ್ಕೆ ಹಚ್ಚಿ, ಉಜ್ಜಿ, ತೊಳೆದು, ಕೊನೆಗೆ ನೀರು ಬಿದ್ದರೂ ಉರಿಯುವ ಸ್ಥಿತಿಗೆ ಬಂದು, 'ಸ್ಕಿನ್ ಬ್ಯಾರಿಯರ್ ಹಾಳಾಗಿದೆಯಂತೆ, ಯಾವ ಮಾಯಿಶ್ಚರೈಸರ್ ಹಚ್ಚಲಿ?' ಎಂದು ಕೇಳುತ್ತಾರೆ. ಉತ್ತರಕ್ಕೆ ಅಂಗಡಿಯ ಕಪಾಟಿಗಿಂತ ಚರಿತ್ರೆಯ ಕಡೆ ನೋಡುವುದು ಮೇಲು. ಈ ಗೋಡೆ ಯಾವುದು, ಅದು ಇದೆಯೆಂದು ಯಾವಾಗ ಗೊತ್ತಾಯಿತು, ಅದನ್ನು ಒಡೆದವರು ಯಾರು, ಕಟ್ಟಿದವರು ಯಾರು ಎಂಬುದು ತಿಳಿದರೆ ಡಬ್ಬಿಯ ಆಯ್ಕೆ ಅಷ್ಟೇನೂ ಕಷ್ಟವಲ್ಲ.

ಸದರ್ಕಿನ ಡಬ್ಬಿಯ ಕಾಲದಲ್ಲೇ ಬದುಕಿದ್ದ ಪೆರ್ಗಮಮ್ಮಿನ ವೈದ್ಯ ಗ್ಯಾಲನ್ ಹೆಸರಿನಲ್ಲಿ ಇನ್ನೊಂದು ಮುಲಾಮು ನಿಂತಿದೆ. ಜೇನುಮೇಣವನ್ನು ಆಲಿವ್ ಎಣ್ಣೆಯಲ್ಲಿ ಕರಗಿಸಿ, ಅದಕ್ಕೆ ನೀರು ಸೇರಿಸುತ್ತ ಕಡೆಯುವುದು. ಹಚ್ಚಿದಾಗ ಅದರ ನೀರು ಆವಿಯಾಗಿ ಚರ್ಮ ತಣ್ಣಗಾಗುತ್ತದೆ. ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ 'ಕೋಲ್ಡ್ ಕ್ರೀಮ್' ಎಂಬ ಹೆಸರಿನ ಮೂಲ ಇದೇ. ಹೊರಗಿನ ಚಳಿಗೂ ಆ ಹೆಸರಿಗೂ ಸಂಬಂಧವಿಲ್ಲ. ನೀರೂ ಎಣ್ಣೆಯೂ ಬಹಳ ದಿನ ಜೊತೆಗಿರದ ಕಾರಣ ಅದನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಬೇಕಿತ್ತು.

ನಮ್ಮ ನೆಲದಲ್ಲಿ ಮುಲಾಮಿಗಿಂತ ಎಣ್ಣೆ ದೊಡ್ಡದು. ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಅಧ್ಯಾಯದಲ್ಲೇ ಅಭ್ಯಂಗವನ್ನು ನಿತ್ಯ ಮಾಡಬೇಕೆನ್ನುತ್ತದೆ. ಅದರಲ್ಲೂ ತಲೆ, ಕಿವಿ, ಪಾದಗಳಿಗೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳ ಸಾಲಿನಲ್ಲಿ ಸ್ನಾನಭೋಗಕ್ಕೂ ಜಾಗವಿದೆ. ಮೈಗೆ ಎಣ್ಣೆ ತಿಕ್ಕಿಸಿಕೊಂಡು ಮೀಯುವುದು ಅಲ್ಲಿ ಅರಸನ ಸುಖ. ನಮ್ಮ ಮನೆಗಳಲ್ಲಿ ಅದು ನರಕ ಚತುರ್ದಶಿಯ ಬೆಳಗಿನ ಕಡ್ಡಾಯ, ಬಾಣಂತಿಗೂ ಕೂಸಿಗೂ ದಿನನಿತ್ಯದ ಆರೈಕೆ. ಇದರಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಎಣ್ಣೆ, ಆಮೇಲೆ ಸೀಗೆಪುಡಿಯೋ ಕಡಲೆಹಿಟ್ಟೋ ಹೆಸರುಹಿಟ್ಟೋ. ತೊಳೆಯುವ ವಸ್ತು ಚರ್ಮಕ್ಕೆ ಮುಟ್ಟುವ ಮೊದಲು ಅದಕ್ಕೆ ಎಣ್ಣೆ ಎದುರಾಗುತ್ತಿತ್ತು. ಹಿಟ್ಟು ಎಷ್ಟು ತಿಕ್ಕಿದರೂ ಒಂದಿಷ್ಟು ಜಿಡ್ಡು ಮೈಯಲ್ಲೇ ಉಳಿಯುತ್ತಿತ್ತು. ಅದು ಒಳ್ಳೆಯದೇಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಆಮೇಲೆ ಸಾಬೂನು ಬಂತು. ಮೊದಲ ಮಹಾಯುದ್ಧ ಗಂಧದ ಮರದ ರಫ್ತಿಗೆ ಅಡ್ಡಬಂದಾಗ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನು ತಾನೇ ತೆಗೆಯಲು ಮುಂದಾದದ್ದು, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಎದ್ದದ್ದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ. ಸಾಬೂನು ರೋಗಗಳನ್ನು ತಡೆದು ಉಳಿಸಿದ ಜೀವಗಳು ಅಸಂಖ್ಯ, ಅದನ್ನು ದೂರುವಂತಿಲ್ಲ. ಆದರೆ ಯಾವುದೇ ಕಂಪನಿಯದಿರಲಿ, ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಸಾಬೂನು ಕ್ಷಾರೀಯವೇ. ಅದರ ಪಿಎಚ್ 9ರಿಂದ 10ರ ಆಸುಪಾಸು. ನಮ್ಮ ಚರ್ಮದ ಮೇಲ್ಮೈಯಾದರೋ ತುಸು ಹುಳಿ, ಪಿಎಚ್ 5ರ ಹತ್ತಿರ. ಇದನ್ನು 1928ರಲ್ಲಿ ಜರ್ಮನಿಯ ಹೈನ್ರಿಖ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೊನಿನಿ ತೋರಿಸಿ, ಚರ್ಮ ಆಮ್ಲದ ಒಂದು ಹೊದಿಕೆ ಹೊದ್ದಿದೆ ಎಂದರು. ಎಣ್ಣೆ ಬಿಟ್ಟು ದಿನಕ್ಕೆರಡು ಬಾರಿ ಸಾಬೂನು ತಿಕ್ಕಿಕೊಳ್ಳುವ ಹೊಸ ಕಾಲದಲ್ಲಿ ಆ ಹೊದಿಕೆ ದಿನಕ್ಕೆರಡು ಬಾರಿ ಕಳಚಿ ಬೀಳತೊಡಗಿತು. ಸ್ನಾನವಾದ ಮೇಲೆ ಚರ್ಮ ಬಿಗಿದಂತಾಗುವುದನ್ನು ನಾವು ಶುಭ್ರತೆಯೆಂದು ತಿಳಿದೆವು.

ಅತ್ತ ಅಮೆರಿಕದಲ್ಲಿ 1859ರಲ್ಲಿ ರಾಬರ್ಟ್ ಚೆಸ್‌ಬ್ರೊ ಎಂಬ ಯುವ ರಸಾಯನಜ್ಞ ಪೆನ್ಸಿಲ್ವೇನಿಯಾದ ಹೊಸ ತೈಲಬಾವಿಗಳನ್ನು ನೋಡಲು ಹೋಗಿದ್ದ. ಅಲ್ಲಿನ ಯಂತ್ರಗಳ ಸರಳುಗಳಿಗೆ ಅಂಟಿಕೊಳ್ಳುವ ಮೇಣದಂಥ ಕಪ್ಪು ಜಿಡ್ಡನ್ನು ಕಾರ್ಮಿಕರು ಬೈಯುತ್ತಲೇ ಕೆರೆದು ತೆಗೆಯುತ್ತಿದ್ದರು, ಸುಟ್ಟ ಗಾಯಕ್ಕೂ ತರಚಿದ ಗಾಯಕ್ಕೂ ಅದನ್ನೇ ಹಚ್ಚುತ್ತಿದ್ದರು. ಚೆಸ್‌ಬ್ರೊ ಆ ಜಿಡ್ಡನ್ನು ಶುದ್ಧಗೊಳಿಸುವ ವಿಧಾನ ಕಂಡುಕೊಂಡು 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್. ಜನರೆದುರು ತನ್ನ ಕೈಯನ್ನೇ ಸುಟ್ಟುಕೊಂಡು ಅದನ್ನು ಹಚ್ಚಿ ತೋರಿಸುತ್ತಿದ್ದನಂತೆ. ದಿನಾ ಒಂದು ಚಮಚ ತಿನ್ನುತ್ತಿದ್ದನೆಂಬ ಕಥೆಯೂ ಇದೆ. ಬದುಕಿದ್ದಂತೂ 96 ವರ್ಷ. ಕಾಪಿನ ಚರಿತ್ರೆಯಲ್ಲಿ ಇದು ದೊಡ್ಡ ಹೆಜ್ಜೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಡುವುದಿಲ್ಲ, ಬೆಲೆಯೂ ಕಡಿಮೆ. ಆದರೆ ನೋಡಲು ಅಂದವಿಲ್ಲ, ಮುಖಕ್ಕೆ ಹಚ್ಚಿದರೆ ಹೊಳೆಯುತ್ತದೆ, ದಿಂಬಿಗೆ ಅಂಟುತ್ತದೆ.

ಅಂದ ಬಂದದ್ದು ಜರ್ಮನಿಯಿಂದ. ಐಸಾಕ್ ಲಿಫ್‌ಶ್ಯೂಟ್ಜ್ ಎಂಬ ರಸಾಯನಜ್ಞ ಕುರಿಯ ಉಣ್ಣೆಯ ಜಿಡ್ಡಿನಿಂದ ಬೇರ್ಪಡಿಸಿದ ಒಂದು ವಸ್ತು, ಗ್ಯಾಲನ್ನನ ಕಾಲದಿಂದ ಜಗಳವಾಡುತ್ತಿದ್ದ ನೀರನ್ನೂ ಎಣ್ಣೆಯನ್ನೂ ಕಡೆಗೂ ಒಟ್ಟಿಗೆ ಹಿಡಿದು ನಿಲ್ಲಿಸಿತು. ಅದನ್ನು ಬಳಸಿ ಹ್ಯಾಂಬರ್ಗಿನ ಆಸ್ಕರ್ ಟ್ರೊಪ್ಲೊವಿಟ್ಜ್ 1911ರಲ್ಲಿ ಒಂದು ಕ್ರೀಮನ್ನು ಮಾರುಕಟ್ಟೆಗೆ ತಂದ. ಹಿಮಕ್ಕಿರುವ ಲ್ಯಾಟಿನ್ ಪದದಿಂದ ಅದಕ್ಕೆ ನಿವಿಯಾ ಎಂದು ಹೆಸರಿಟ್ಟ. ಕ್ರೀಮು ಬೆಳ್ಳಗಿತ್ತು, ಅಷ್ಟಕ್ಕೇ ಆ ಹೆಸರು. ಆದರೆ ಭಾರತಕ್ಕೆ ಬರುವಷ್ಟರಲ್ಲಿ ಹಿಮದ ಅರ್ಥ ಬದಲಾಯಿತು. 1919ರಲ್ಲಿ ಮುಂಬಯಿಯ ಇಬ್ರಾಹಿಂ ಸುಲ್ತಾನಲಿ ಪಾಟನ್‌ವಾಲಾ 'ಅಫ್ಘಾನ್ ಸ್ನೋ' ತಂದರು. ಹಚ್ಚಿದ ಕೂಡಲೇ ಮಾಯವಾಗಿ ಮುಖದ ಮೇಲೆ ಒಣಗಿದ ನುಣುಪು ಉಳಿಸುವ ಜಾತಿಯ ಕ್ರೀಮಿಗೆ ದೇಶಾದ್ಯಂತ 'ಸ್ನೋ' ಎಂದೇ ಹೆಸರಾಯಿತು. ಮದುವೆಗೆ ಹೊರಟವರು 'ಸ್ನೋ, ಪೌಡರ್' ಹಾಕಿಕೊಳ್ಳುವುದು ಕನ್ನಡದ ಮಾತಿನಲ್ಲೂ ಸೇರಿಹೋಯಿತು. ಹಿಮ ಈಗ ಕ್ರೀಮಿನ ಬಣ್ಣವಾಗಿ ಉಳಿಯದೆ ಮುಖಕ್ಕೆ ಬೇಕಾದ ಬಣ್ಣವಾಯಿತು. ಅಂದರೆ ಕೊಬ್ಬಿಗಿಂತ ತವರವೇ ಮತ್ತೆ ಮುಂದಾಯಿತು.

ಇಷ್ಟೆಲ್ಲ ನಡೆಯುವಾಗಲೂ ಚರ್ಮದ ಹೊರಪದರ ಏನು ಮಾಡುತ್ತದೆಂಬುದು ವಿಜ್ಞಾನಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಅದಕ್ಕೊಂದು ವಿಚಿತ್ರ ಕಾರಣವಿತ್ತು. ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ಆಲ್ಕೋಹಾಲಿನಂಥ ದ್ರವಗಳಲ್ಲಿ ಅದ್ದಿ ಸಿದ್ಧಪಡಿಸಬೇಕು. ಆ ದ್ರವಗಳು ಕೊಬ್ಬನ್ನು ಕರಗಿಸುತ್ತವೆ. ಹಾಗೆ ಸಿದ್ಧವಾದ ತುಣುಕಿನಲ್ಲಿ ಹೊರಪದರ ಸಡಿಲವಾಗಿ ಹೆಣೆದ ಬುಟ್ಟಿಯಂತೆ, ತೂತುತೂತಾಗಿ ಕಾಣುತ್ತಿತ್ತು. ಉದುರಿಹೋಗಲು ಕಾದಿರುವ ಸತ್ತ ಜೀವಕೋಶಗಳ ಹೊಟ್ಟು ಅದು ಎಂದು ಪಠ್ಯಪುಸ್ತಕಗಳು ಬರೆದವು. ಗೋಡೆಯ ಗಾರೆಯನ್ನು ತಾವೇ ತೊಳೆದು ಹಾಕಿ, ಇದು ಗೋಡೆಯಲ್ಲ, ಇಟ್ಟಿಗೆಯ ರಾಶಿ ಎಂದಂತೆ.

1944ರಲ್ಲಿ ವಿನ್ಸರ್ ಮತ್ತು ಬರ್ಚ್ ಎಂಬ ಅಮೆರಿಕದ ಸಂಶೋಧಕರು ಚರ್ಮದ ತುಣುಕುಗಳಿಂದ ಈ ಹೊಟ್ಟನ್ನು ಮರಳುಕಾಗದದಿಂದ ಉಜ್ಜಿ ತೆಗೆದು ನೋಡಿದರು. ಒಳಗಿನ ನೀರು ತಡೆಯಿಲ್ಲದೆ ಆವಿಯಾಗತೊಡಗಿತು. ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟೂ ದಪ್ಪವಿಲ್ಲದ ಆ ಪದರವೇ ನಮ್ಮ ಮೈಯ ನೀರನ್ನು ಹಿಡಿದಿಟ್ಟಿತ್ತು.

ಆಮೇಲೆ ಬಂದದ್ದು 1952. ಚರ್ಮದ ಚರಿತ್ರೆಯಲ್ಲಿ ಕವಲುದಾರಿಯ ವರ್ಷ ಅದು. ಆ ವರ್ಷ ಚರ್ಮವಿಜ್ಞಾನದ ಒಂದೇ ಪತ್ರಿಕೆಯಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಎರಡು ಲೇಖನಗಳು ಬಂದವು. ಒಂದು ಬಾಸ್ಟನ್ನಿನ ಇರ್ವಿನ್ ಬ್ಲ್ಯಾಂಕ್ ಅವರದು. ಅವರ ಪ್ರಯೋಗ ನಮ್ಮ ಅಡುಗೆಮನೆಯಲ್ಲೂ ಮಾಡಬಹುದಾದಷ್ಟು ಸರಳ. ಅಂಗಾಲಿನ ಗಟ್ಟಿ ಚರ್ಮದ ಒಣಗಿದ ತುಣುಕುಗಳನ್ನು ಎಣ್ಣೆ, ಜಿಡ್ಡುಗಳಲ್ಲಿ ಬಹಳ ಹೊತ್ತು ನೆನೆಸಿದರು. ತುಣುಕು ಹಪ್ಪಳದಂತೆ ಗಡುಸಾಗಿಯೇ ಉಳಿಯಿತು. ನೀರಿನಲ್ಲಿ ಇಟ್ಟರು. ಮೆತ್ತಗಾಗಿ ಬಾಗಿತು. ಚರ್ಮವನ್ನು ಮೃದುವಾಗಿಸುವುದು ನೀರು, ಎಣ್ಣೆಯಲ್ಲ. ಎಣ್ಣೆಯ ಕೆಲಸ ಆ ನೀರು ಹೊರಹೋಗದಂತೆ ಕಾಯುವುದು. ಎರಡು ಸಾವಿರ ವರ್ಷ ಜನ ಸರಿಯಾದ ವಸ್ತುವನ್ನೇ ಹಚ್ಚಿದ್ದರು, ಕಾರಣ ಮಾತ್ರ ಬೇರೆ ಹೇಳುತ್ತಿದ್ದರು. ಎರಡನೆಯ ಲೇಖನ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಅವರದು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಅನ್ನು ಮೇಲಿನಿಂದ ಹಚ್ಚಿದರೆ ಇಸುಬು ತಗ್ಗುತ್ತದೆಂದು ಅದು ಹೇಳಿತು. ಲಕ್ಷಾಂತರ ರೋಗಿಗಳಿಗೆ ನಿದ್ದೆ ಕೊಟ್ಟ ಆವಿಷ್ಕಾರ ಅದು. ಎರಡು ದಾರಿಯೂ ಒಳ್ಳೆಯವೇ. ಎರಡನೆಯದು ಎಲ್ಲಿಗೆ ತಲುಪಿತೆಂಬುದನ್ನು ಮುಂದೆ ನೋಡೋಣ.

ಮೊದಲ ದಾರಿಯಲ್ಲಿ ಎದುರಾಗುವ ದೊಡ್ಡ ಹೆಸರು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್. ಹೊರಪದರ ಹೊಟ್ಟಲ್ಲ, ದೇಹವು ಶ್ರಮಪಟ್ಟು ಕಟ್ಟುವ ಅಪೂರ್ವ ವಸ್ತು ಎಂದು 1964ರಲ್ಲಿ ವಾದಿಸಿದವರು ಇವರು. ಇದೇ ಕ್ಲಿಗ್‌ಮನ್ ಎರಡು ದಶಕಗಳಿಗೂ ಹೆಚ್ಚು ಕಾಲ, 1974ರವರೆಗೆ, ಆ ನಗರದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಪ್ರಯೋಗ ನಡೆಸಿದರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಪುಡಿಗಾಸಿಗೆ ತಮ್ಮ ಬೆನ್ನು ಒಡ್ಡಿದ ಅವರಿಗೆ ಏನು ಹಚ್ಚಲಾಗುತ್ತಿದೆಯೆಂಬುದು ಸರಿಯಾಗಿ ತಿಳಿದಿರಲಿಲ್ಲ. ಚರ್ಮದ ಬಗ್ಗೆ ನಾವು ಇಂದು ಬಲ್ಲದ್ದರಲ್ಲಿ ಒಂದು ಪಾಲು ಆ ಬೆನ್ನುಗಳ ಮೇಲೆ ಬರೆದದ್ದು. ಅದನ್ನು ಹೇಳದೆ ಈ ಚರಿತ್ರೆಯನ್ನು ಮುಂದುವರಿಸುವುದು ನ್ಯಾಯವಲ್ಲ.

ಗೋಡೆಯ ಚಿತ್ರ ಪೂರ್ತಿಯಾದದ್ದು 1970 ಮತ್ತು 80ರ ದಶಕಗಳಲ್ಲಿ, ಮುಖ್ಯವಾಗಿ ಸ್ಯಾನ್ ಫ್ರಾನ್ಸಿಸ್ಕೊದ ಪೀಟರ್ ಎಲಿಯಾಸ್ ಮತ್ತು ಸಂಗಡಿಗರಿಂದ. ಗಟ್ಟಿಯಾದ ಚಪ್ಪಟೆ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿದ ಕೊಬ್ಬು ಗಾರೆ. ಆ ಗಾರೆಯಲ್ಲಿ ಮೂರು ವಸ್ತುಗಳಿವೆ. ತೂಕದಲ್ಲಿ ಅರ್ಧದಷ್ಟು ಸೆರಮೈಡ್ ಎಂಬ ಜಿಡ್ಡು, ಕಾಲು ಭಾಗದಷ್ಟು ಕೊಲೆಸ್ಟರಾಲ್, ಉಳಿದದ್ದರಲ್ಲಿ ಮುಖ್ಯವಾಗಿ ಕೊಬ್ಬಿನಾಮ್ಲಗಳು. ಗೋಡೆ ಒಡೆದಾಗ ಕೆಳಗಿನ ಜೀವಂತ ಪದರಕ್ಕೆ ಸುದ್ದಿ ಮುಟ್ಟುತ್ತದೆ. ಅದು ಕೂಡಲೇ ಹೊಸ ಗಾರೆ ಕಲಸಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಮೇಸ್ತ್ರಿ ಒಳಗೇ ಇದ್ದಾನೆ. ನಾವು ಹಚ್ಚುವ ಕ್ರೀಮು ಅವನಿಗೆ ಬದಲಿಯಲ್ಲ, ಅವನು ಕೆಲಸ ಮುಗಿಸುವವರೆಗೆ ಹೊದಿಸುವ ಟಾರ್ಪಾಲು ಮಾತ್ರ.

ಇನ್ನು 1952ರ ಎರಡನೆಯ ದಾರಿ. 1975ರಲ್ಲಿ ಅದೇ ಕ್ಲಿಗ್‌ಮನ್, ವಿಲ್ಲಿಸ್ ಎಂಬ ಸಹೋದ್ಯೋಗಿಯೊಂದಿಗೆ, ಚರ್ಮದ ಕಪ್ಪನ್ನು ತಿಳಿಯಾಗಿಸುವ ಒಂದು ಮಿಶ್ರಣ ಪ್ರಕಟಿಸಿದರು. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮತ್ತು ಒಂದು ಸ್ಟೀರಾಯ್ಡ್. ಗೋಡೆಯ ಬೆಲೆ ಸಾರಿದ ಕೈಯೇ ಬಿಳುಪಿನ ಪಾಕವನ್ನೂ ಬರೆಯಿತು. ಬಂಗು ಮುಂತಾದ ತೊಂದರೆಗಳಿಗೆ, ವೈದ್ಯರ ಕಣ್ಣಿನ ಕೆಳಗೆ, ಕೆಲವು ವಾರ ಬಳಸಬೇಕಾದದ್ದು ಅದು. ಭಾರತದಲ್ಲಿ ಅದರ ಮಕ್ಕಳು ಮೊಮ್ಮಕ್ಕಳೆಲ್ಲ, ಇನ್ನೂ ಬಲವಾದ ಸ್ಟೀರಾಯ್ಡ್ ಸೇರಿಸಿಕೊಂಡು, ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ 'ಬೆಳ್ಳಗಾಗುವ ಕ್ರೀಮು'ಗಳಾದವು. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗುತ್ತದೆ, ಮೊಡವೆ ಅಡಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳ ಬಲೆ ಕಂಡು, ಬಿಸಿಲಿಗೆ ಉರಿಯುತ್ತದೆ. ಬಿಟ್ಟರೆ ಉರಿ ಇನ್ನೂ ಹೆಚ್ಚಿ ಮತ್ತೆ ಅದನ್ನೇ ಹಚ್ಚಬೇಕೆನಿಸುತ್ತದೆ. ಯಾಕೆಂದರೆ ಸ್ಟೀರಾಯ್ಡ್ ಒಳಗಿನ ಮೇಸ್ತ್ರಿಯ ಕೈಯನ್ನೇ ಕಟ್ಟುತ್ತದೆ, ಗಾರೆ ತಯಾರಾಗುವುದೇ ಕುಂಠಿತವಾಗುತ್ತದೆ. 2008ರಲ್ಲಿ ಕೋಲ್ಕತ್ತದ ಚರ್ಮವೈದ್ಯರು ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾನಿಗೊಂಡ ಮುಖ' ಎಂಬರ್ಥದ ಹೆಸರಿಟ್ಟರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಯಿಂದ ಬಂದ 2926 ಜನರನ್ನು ವಿಚಾರಿಸಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಬಿಳುಪಿನ ಡಬ್ಬಿಯ ಇನ್ನೊಂದು ವ್ಯಂಗ್ಯವನ್ನೂ ಇಲ್ಲಿ ಹೇಳಬೇಕು. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ'ಯ ಮುಖ್ಯ ವಸ್ತು ನಯಾಸಿನಮೈಡ್, ಅಂದರೆ ಬಿ ಜೀವಸತ್ವದ ಒಂದು ರೂಪ. 2000ನೇ ಇಸವಿಯಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದೇನೆಂದರೆ, ಅದೇ ನಯಾಸಿನಮೈಡ್ ಚರ್ಮದಲ್ಲಿ ಸೆರಮೈಡ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಗೋಡೆಗೆ ನೆರವಾಗಬಲ್ಲ ವಸ್ತುವೊಂದು ಇಷ್ಟು ವರ್ಷ ಬಣ್ಣದ ಹೆಸರಿನಲ್ಲಿ ನಮ್ಮ ಮನೆಯ ಕನ್ನಡಿಯ ಮುಂದೆ ಕೂತಿತ್ತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಪದ ಹೋಯಿತು.

ಹಾಗಾದರೆ ಹಾಳಾದ ಗೋಡೆಗೆ ಏನು ಹಚ್ಚಬೇಕು? ಚರಿತ್ರೆ ಹೇಳುವ ಮೊದಲ ಮಾತು: ಹಚ್ಚುವುದಕ್ಕಿಂತ ಮೊದಲು ಬಿಡುವುದು. ಉಜ್ಜುವ ಸ್ಕ್ರಬ್, ಹಣ್ಣಿನ ಆಮ್ಲಗಳ ಸೀರಮ್, ರೆಟಿನಾಲ್, ನಿಂಬೆರಸ, ಬಿಸಿನೀರು, ಮುಖಕ್ಕೆ ಸಾಬೂನು, ಇವೆಲ್ಲ ಕೆಲವು ವಾರ ದೂರವಿರಲಿ. ವಿನ್ಸರ್ ಮತ್ತು ಬರ್ಚ್ ಮರಳುಕಾಗದದಿಂದ ಮಾಡಿದ್ದನ್ನು ನಾವು ಸೌಂದರ್ಯದ ಹೆಸರಿನಲ್ಲಿ ಮಾಡಿಕೊಳ್ಳುತ್ತಿರುತ್ತೇವೆ. ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಿದ್ದವರು ಮಾತ್ರ ತಾವಾಗಿ ಏಕಾಏಕಿ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಬೇಕು.

ಎರಡನೆಯದು, ಡಬ್ಬಿಯ ಹಿಂಬದಿಯನ್ನು ಓದುವುದು. ಅಲ್ಲಿ ಮೂರು ಬಗೆಯ ಕೆಲಸಗಾರರನ್ನು ಹುಡುಕಬೇಕು. ನೀರು ಹಿಡಿಯುವವರು: ಗ್ಲಿಸರಿನ್, ಯೂರಿಯಾ ಮುಂತಾದವು. ನಮ್ಮ ಅಜ್ಜಿಯರ ಗುಲಾಬಿನೀರು-ಗ್ಲಿಸರಿನ್ ಬಾಟಲಿ ಇದೇ ಜಾತಿ. ಯೂರಿಯಾ ಮಾತ್ರ ಬಿರಿದ ಚರ್ಮಕ್ಕೆ ಉರಿಯಬಹುದು. ನೀರು ತಡೆಯುವವರು: ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್, ಡೈಮೆಥಿಕೋನ್. ಗಾರೆಯಾಗುವವರು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ. ಈ ಮೂರನೆಯ ಗುಂಪಿನ ವಿಷಯದಲ್ಲಿ ಎಲಿಯಾಸ್ ತಂಡ 1990ರ ದಶಕದಲ್ಲಿ ಇಲಿಗಳ ಮೇಲೆ ಕಂಡದ್ದು ಕುತೂಹಲಕರ. ಮೂರರಲ್ಲಿ ಒಂದನ್ನೋ ಎರಡನ್ನೋ ಮಾತ್ರ ಹಚ್ಚಿದರೆ ದುರಸ್ತಿ ತಡವಾಯಿತು. ಮೂರನ್ನೂ ತಕ್ಕ ಪ್ರಮಾಣದಲ್ಲಿ ಸೇರಿಸಿದಾಗ ಬೇಗವಾಯಿತು. ಹಾಗಾಗಿ ಡಬ್ಬಿಯ ಮುಂಬದಿಯಲ್ಲಿ 'ಸೆರಮೈಡ್' ಎಂದು ದೊಡ್ಡದಾಗಿ ಬರೆದಿದ್ದರೆ, ಹಿಂಬದಿಯಲ್ಲಿ ಅದರ ಜೊತೆಗಾರರಿದ್ದಾರೆಯೇ ನೋಡಬೇಕು.

ದುಬಾರಿಯದು ಕೊಳ್ಳಲಾಗದವರು ಕೊರಗಬೇಕಿಲ್ಲ. ಪೆಟ್ರೋಲಿಯಂ ಜೆಲ್ಲಿ ಮೇಲೆ ಸುಮ್ಮನೆ ಮುಚ್ಚಿ ಕೂರುತ್ತದೆಂಬ ನಂಬಿಕೆಯಿತ್ತು. 1992ರಲ್ಲಿ ನೋಡಿದಾಗ ಅದು ಇಟ್ಟಿಗೆಗಳ ಸಂದಿಗೆ ಇಳಿದಿತ್ತು, ಕೆಳಗಿನ ದುರಸ್ತಿಗೆ ಅಡ್ಡಿಯಾಗದೆ ಅದನ್ನು ಬೇಗಗೊಳಿಸಿತ್ತು. ತೈಲಬಾವಿಯ ಕಾರ್ಮಿಕರು ಬೈದು ಕೆರೆದ ಜಿಡ್ಡು ಇಂದಿಗೂ ಸೋತಿಲ್ಲ. ಮೊಡವೆಯ ಮುಖದವರು ತೆಳುವಾದ ಕ್ರೀಮು ಆರಿಸಿಕೊಂಡು, ಬಿರಿದ ಜಾಗಕ್ಕಷ್ಟೇ ಜೆಲ್ಲಿ ಹಚ್ಚಬಹುದು.

ಎಣ್ಣೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಸಾಸಿವೆಯೆಣ್ಣೆ ಇಲಿಗಳ ಚರ್ಮದ ದುರಸ್ತಿಯನ್ನು ತಡಮಾಡಿತು. ಗ್ಯಾಲನ್ನನ ಪ್ರೀತಿಯ ಆಲಿವ್ ಎಣ್ಣೆ ಮನುಷ್ಯರ ಗೋಡೆಯನ್ನು ಸಡಿಲಗೊಳಿಸುತ್ತದೆಂದು 2013ರ ಬ್ರಿಟಿಷ್ ಅಧ್ಯಯನವೊಂದು ಹೇಳಿತು. ಅದೇ ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ ಗೋಡೆಯನ್ನು ಕೆಡಿಸಲಿಲ್ಲ. ನಮ್ಮ ಕೊಬ್ಬರಿಯೆಣ್ಣೆಯೂ ಫಿಲಿಪೀನ್ಸಿನ ಪರೀಕ್ಷೆಗಳಲ್ಲಿ ಒಣಚರ್ಮಕ್ಕೆ ಚೆನ್ನಾಗಿಯೇ ಒದಗಿದೆ. ಸೂರ್ಯಕಾಂತಿಯ ಕಥೆ ಕೇಳಿದರೆ ಗೋಡೆಯ ಮಾತು ಸೌಂದರ್ಯದ ಮಾತಲ್ಲವೆಂದು ತಿಳಿಯುತ್ತದೆ. ಢಾಕಾದ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದರು. ಆ ಕೂಸುಗಳ ಗೋಡೆ ಇನ್ನೂ ಕಟ್ಟಿರುವುದೇ ಇಲ್ಲ. 2005ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಫಲಿತಾಂಶದಂತೆ ಆಸ್ಪತ್ರೆಯಲ್ಲಿ ತಗಲುವ ಸೋಂಕು ಅಂಥ ಕೂಸುಗಳಲ್ಲಿ 41 ಶೇಕಡಾ ಕಡಿಮೆಯಿತ್ತು.

ಮೂರನೆಯದು, ಒಳ್ಳೆಯದೆಂದು ಹೆಸರಾದದ್ದನ್ನೂ ಒಮ್ಮೆ ಅನುಮಾನಿಸುವುದು. ಬ್ರಿಟನ್ನಿನಲ್ಲಿ ಒಣಚರ್ಮಕ್ಕೆ ದಶಕಗಳ ಕಾಲ ಬರೆದುಕೊಡುತ್ತಿದ್ದ 'ಆಕ್ವಿಯಸ್ ಕ್ರೀಮ್' ಎಂಬುದಿತ್ತು. ಅದರಲ್ಲಿ ನೀರನ್ನೂ ಜಿಡ್ಡನ್ನೂ ಕೂಡಿಸಲು ಹಾಕಿದ್ದು ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಶಾಂಪೂಗಳಲ್ಲಿ ನೊರೆ ಬರಿಸುವ ವಸ್ತು. 2010ರಲ್ಲಿ ಬಾತ್ ವಿಶ್ವವಿದ್ಯಾಲಯದವರು ಆರೋಗ್ಯವಂತರ ಚರ್ಮಕ್ಕೇ ನಾಲ್ಕು ವಾರ ಅದನ್ನು ಹಚ್ಚಿಸಿ ನೋಡಿದರು. ಹೊರಪದರ ತೆಳುವಾಗಿತ್ತು, ನೀರು ಹೆಚ್ಚು ಸೋರುತ್ತಿತ್ತು. ಗೋಡೆ ರಿಪೇರಿಗೆ ಬಂದವನೇ ಗಾರೆ ಕೆರೆಯುತ್ತಿದ್ದ. ಸುವಾಸನೆಯ ವಸ್ತುಗಳದ್ದೂ ಅದೇ ಕಥೆ. ಅವು ಚರ್ಮದ ಅಲರ್ಜಿಗೆ ಸಾಮಾನ್ಯ ಕಾರಣ, ಗೋಡೆ ಒಡೆದಾಗಲಂತೂ ಸಲೀಸಾಗಿ ಒಳಹೊಗುತ್ತವೆ. ವಾಸನೆಯಿಲ್ಲದ, ಪಟ್ಟಿ ಚಿಕ್ಕದಾದ ಕ್ರೀಮು ಮೇಲು.

ಇಷ್ಟೆಲ್ಲ ನೋಡಿಯೂ ಗೊಂದಲವಾದರೆ 2022ರಲ್ಲಿ ಪ್ರಕಟವಾದ ಒಂದು ಫಲಿತಾಂಶ ಸಮಾಧಾನ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಇಸುಬಿನ ತೊಂದರೆಯಿದ್ದ 550 ಮಕ್ಕಳಿಗೆ ಲೋಷನ್, ಕ್ರೀಮು, ಜೆಲ್, ಮುಲಾಮು ಈ ನಾಲ್ಕರಲ್ಲಿ ಒಂದೊಂದನ್ನು ಕೊಟ್ಟು ನೋಡಿದರೆ, ಯಾವುದೂ ಇನ್ನೊಂದಕ್ಕಿಂತ ಮೇಲೆಂದು ಕಾಣಲಿಲ್ಲ. ದಿನವೂ ಹಚ್ಚಲು ಮನಸ್ಸು ಬರುವಂಥದ್ದೇ ಒಳ್ಳೆಯದು ಎಂದು ಅದರ ಅರ್ಥ. ಹಚ್ಚುವ ಹೊತ್ತು ಮಾತ್ರ ಬ್ಲ್ಯಾಂಕ್ ಹೇಳಿಕೊಟ್ಟದ್ದು: ಸ್ನಾನವಾದ ಕೂಡಲೇ, ಟವೆಲ್ಲಿನಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ಪಸೆಯಿರುವಾಗ. ಮೊದಲು ನೀರು, ಅದರ ಮೇಲೆ ಕಾವಲು.

ಕ್ರೀಮಿನಿಂದ ಆಗದ್ದೂ ಇದೆ. ಇಸುಬು ಬರುವ ಅನೇಕರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿರುತ್ತದೆಂದು 2006ರಲ್ಲಿ ಡಂಡೀ ಮತ್ತು ಡಬ್ಲಿನ್ ನಗರಗಳ ಸಂಶೋಧಕರು ಕಂಡುಕೊಂಡರು. ಅವರ ಗೋಡೆಗೆ ಹುಟ್ಟಿನಿಂದಲೇ ಇಟ್ಟಿಗೆಯ ಕೊರತೆ. ಹಾಗಿದ್ದರೆ ಕೂಸಾಗಿದ್ದಾಗಲೇ ದಿನವೂ ಕ್ರೀಮು ಹಚ್ಚಿ ಇಸುಬನ್ನು ತಡೆಯಬಹುದಲ್ಲ ಎಂದು ಬ್ರಿಟನ್ನಿನಲ್ಲಿ 1394 ಕೂಸುಗಳೊಂದಿಗೆ ಪ್ರಯತ್ನಿಸಿದರು. 2020ರಲ್ಲಿ ಬಂದ ಉತ್ತರ: ತಡೆಯಲಾಗಲಿಲ್ಲ. ಆದ್ದರಿಂದ ಕೆಲವು ವಾರಗಳಲ್ಲಿ ಗೋಡೆ ಸರಿಹೋಗದಿದ್ದರೆ, ಬಿರುಕು ಒಸರುತ್ತಿದ್ದರೆ, ತುರಿಕೆ ನಿದ್ದೆ ಕೆಡಿಸುತ್ತಿದ್ದರೆ ಇನ್ನೊಂದು ಡಬ್ಬಿ ಕೊಳ್ಳುವ ಬದಲು ವೈದ್ಯರ ಬಳಿ ಹೋಗಬೇಕು.

ಸದರ್ಕಿನ ಡಬ್ಬಿಯಲ್ಲಿ ಬೆರಳಾಡಿಸಿದವರು ಗಂಡೋ ಹೆಣ್ಣೋ ಯಾರೂ ಅರಿಯರು. ಬೆಳ್ಳಗೆ ಕಾಣಬೇಕೆಂದು ಹಚ್ಚಿಕೊಂಡಿರಬಹುದು. ತವರ ಮೇಲ್ಮೈಯಲ್ಲಿ ಕೂತು, ಸಂಜೆ ಮುಖ ತೊಳೆದಾಗ ಹೋಗಿರುತ್ತದೆ. ಕೊಬ್ಬು ಮಾತ್ರ ಒಂದಿಷ್ಟು ಇಟ್ಟಿಗೆಗಳ ಸಂದಿಯಲ್ಲಿ ಉಳಿದು, ಇಂಗ್ಲೆಂಡಿನ ಚಳಿಯಲ್ಲಿ ಆ ಚರ್ಮ ಬಿರಿಯದಂತೆ ನೋಡಿಕೊಂಡಿರುತ್ತದೆ. ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ಮುಂಬದಿಯಲ್ಲಿ ಬರೆದದ್ದನ್ನು ಬಿಟ್ಟು ಅದನ್ನು ತಿರುಗಿಸಿ ನೋಡಿ. ಕೊಬ್ಬು ಎಲ್ಲಿದೆ, ತವರ ಎಲ್ಲಿದೆ ಎಂಬುದು ಸಣ್ಣ ಅಕ್ಷರಗಳಲ್ಲಿ ಅಲ್ಲೇ ಬರೆದಿರುತ್ತದೆ.